ಮೂರು ಊರು, ಎರಡು ಪಕ್ಷ, ಒಂದು ಅಕ್ಷರಮಾಲೆ

ಪರ್ತ್‌ನಲ್ಲಿ ಸಂಜೆ ಐದು ಗಂಟೆಯಾದರೆ ಬ್ರಿಸ್ಬೇನಿನಲ್ಲಿ ಏಳು. ಅಡಿಲೇಡಿನಲ್ಲಿ ಚಳಿಗಾಲವಾದರೆ ಆರೂವರೆ, ಬೇಸಿಗೆಯಾದರೆ ಏಳೂವರೆ. ಆ ಅರ್ಧ ಗಂಟೆಯನ್ನು ಯಾವ ಮಹಾನುಭಾವ ಯಾವ ಮುಹೂರ್ತದಲ್ಲಿ ಸೃಷ್ಟಿಸಿದನೋ ತಿಳಿಯದು, ಅವನ ದಯೆಯಿಂದ ನಾನು ಕಳೆದ ವರ್ಷ ಯಾವ ಸಭೆಗೂ ಸಕಾಲಕ್ಕೆ ಹಾಜರಾಗಲಿಲ್ಲ. ಒಮ್ಮೆ ಎಲ್ಲರಿಗಿಂತ ಮೊದಲು ಬಂದು, ಖಾಲಿ ಪರದೆಯಲ್ಲಿ ನನ್ನ ಬೋಳುತಲೆಯನ್ನೇ ದಿಟ್ಟಿಸುತ್ತ ಕೂತೆ. ಇನ್ನೊಮ್ಮೆ ವಂದನಾರ್ಪಣೆಯ ಹೊತ್ತಿಗೆ ಪ್ರತ್ಯಕ್ಷನಾಗಿ ಸ್ವಾಗತ ಭಾಷಣ ಆರಂಭಿಸಿದೆ. ಹೇಳಬೇಕಾದ ಇನ್ನೊಂದು ಮಾತೆಂದರೆ, ಆ ಸಭೆಗಳ ಅಧ್ಯಕ್ಷ ನಾನೇ.

ಅಧ್ಯಕ್ಷನಾದದ್ದು ಯೋಗ್ಯತೆಯಿಂದಲ್ಲ. ಆಸ್ಟ್ರೇಲಿಯದ ಈ ಮೂರೂ ಊರುಗಳ ಶನಿವಾರದ ಕನ್ನಡ ತರಗತಿಗಳನ್ನು ಒಂದೇ ಸಮಿತಿಯಡಿ ತರುವುದೆಂದು ನಿರ್ಧಾರವಾದಾಗ, ಆ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲದ ಏಕೈಕ ವ್ಯಕ್ತಿಯನ್ನು ಹುಡುಕಲಾಯಿತು. ಸಿಕ್ಕವನು ಬ್ರಿಸ್ಬೇನಿನ ಹೊರವಲಯದ ಸ್ಪ್ರಿಂಗ್‌ಫೀಲ್ಡ್ ಲೇಕ್ಸಿನ ಈ ಬಡ ವೈದ್ಯ. ವಿಷಯವೇನೋ ಗಂಭೀರವಾದದ್ದೇ. ನಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅಡಿಲೇಡಿನ ತರಗತಿಯಲ್ಲಿ ಉಳಿದಿದ್ದವರು ಏಳೇ ಮಕ್ಕಳು. ಇನ್ನಿಬ್ಬರು ಬಿಟ್ಟರೆ ಬಾಗಿಲು ಮುಚ್ಚುವುದೆಂದು ಎಲ್ಲರಿಗೂ ಗೊತ್ತಿತ್ತು.

ಪರ್ತ್‌ನ ಶ್ರೀನಾಥ ಮೈಸೂರಿನಲ್ಲಿ ನನ್ನ ಬೀದಿಯವನೇ. ಫ್ರೀಮ್ಯಾಂಟಲ್ ಬಂದರಿನಲ್ಲಿ ಇಪ್ಪತ್ತು ವರ್ಷ ಒಂದೇ ಅಳತೆಯ ಕಂಟೇನರುಗಳು ಬಂದುಹೋಗುವುದನ್ನು ನೋಡಿ ನೋಡಿ, ಕನ್ನಡವನ್ನೂ ಹಾಗೆಯೇ ತುಂಬಿ ಕಳಿಸಬಹುದೆಂದು ನಂಬಿದ ಎಂಜಿನಿಯರ್. ಒಂದೇ ಪುಸ್ತಕ, ಒಂದೇ ಪರೀಕ್ಷೆ, ಒಂದೇ ಕೇಂದ್ರ. ಪುಸ್ತಕವನ್ನು ತಾನೇ ಬರೆದೂ ಇಟ್ಟಿದ್ದ. ಅಡಿಲೇಡಿನ ನಸೀಮಾ ವೈದ್ಯಕೀಯ ಕಾಲೇಜಿನಲ್ಲಿ ನನ್ನ ಸಹಪಾಠಿ, ಈಗ ಮಕ್ಕಳ ಡಾಕ್ಟರು. ಒಂದು ಮಗುವಿನಂತೆ ಇನ್ನೊಂದಿಲ್ಲವೆಂಬುದು ಅವಳ ವೃತ್ತಿಯ ಮೊದಲ ಪಾಠ. ಅವಳ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವವರು, ಕೊಂಕಣಿ ಆಡುವವರು, ಅವಳ ಮಕ್ಕಳಂತೆ ಉರ್ದು ಆಡುವವರು ಎಲ್ಲರೂ ಸೇರಿ ದೋಸೆ ಹುಯ್ಯುತ್ತ ಕ್ರಿಯಾಪದ ಕಲಿಯುತ್ತಿದ್ದರು. ಅವಳ ಪಾಠ ಅವಳ ಊರಿನದ್ದು. ಕೇಂದ್ರಕ್ಕೇನು ಕೆಲಸ ಅಲ್ಲಿ?

ಈ ಜಗಳ ಹೊಸದೇನಲ್ಲವೆಂದು ನನಗೆ ತಿಳಿಸಿದವಳು ಮಗಳು ಮೇಘನಾ. ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವ ಅವಳೂ ಕ್ಲಿನಿಕ್ಕಿಗೆ ಹೋಗುವ ನಾನೂ ಬೆಳಿಗ್ಗೆ ಒಂದೇ ರೈಲು ಹಿಡಿಯುತ್ತೇವೆ. ಅವಳ ಆ ಸಲದ ಪ್ರಬಂಧ ಅಮೆರಿಕ ದೇಶ ಹುಟ್ಟಿದ ಹೊಸದರಲ್ಲಿ ತಲೆಯೆತ್ತಿದ ಎರಡು ಪಕ್ಷಗಳ ಬಗ್ಗೆ. ಮೊದಲ ಅಧ್ಯಕ್ಷನ ಮಂತ್ರಿಮಂಡಲದಲ್ಲೇ ಇಬ್ಬರು ಬದ್ಧವೈರಿಗಳಂತೆ. ಖಜಾನೆಯ ಮಂತ್ರಿಗೆ ಬಲವಾದ ಕೇಂದ್ರ ಬೇಕು, ಬ್ಯಾಂಕು, ಬಂದರು, ಕಾರ್ಖಾನೆ ಬೇಕು. ಅವನ ಕಡೆಯವರು ಫೆಡರಲಿಸ್ಟರು. ವಿದೇಶಾಂಗ ಮಂತ್ರಿಗೆ ಸ್ವಂತ ಹೊಲ ಉಳುವ ರೈತ, ತಮ್ಮ ಅಧಿಕಾರ ಬಿಟ್ಟುಕೊಡದ ರಾಜ್ಯಗಳು, ದೂರದಲ್ಲಿ ಬಾಯಿ ಮುಚ್ಚಿಕೊಂಡಿರುವ ರಾಜಧಾನಿ ಬೇಕು; ಅವನ ಕಡೆಯವರು ರಿಪಬ್ಲಿಕನ್ನರು, ಆದರೆ ಇಂದಿನ ರಿಪಬ್ಲಿಕನ್ನರಲ್ಲ. ಸ್ವಾತಂತ್ರ್ಯದ ಬಗ್ಗೆ ಅಷ್ಟು ಸೊಗಸಾಗಿ ಬರೆದ ಆತನ ಹೊಲದಲ್ಲಿ ದುಡಿಯುತ್ತಿದ್ದವರು ಗುಲಾಮರೆಂಬುದನ್ನೂ ಮಗಳು ಮರೆಯದೆ ಸೇರಿಸಿದಳು. ಪಾಪ, ಆ ಅಧ್ಯಕ್ಷ ಇಬ್ಬರಿಗೂ ಬೇರೆ ಬೇರೆ ಪತ್ರ ಬರೆದು, ದಯವಿಟ್ಟು ಹೊಂದಿಕೊಂಡು ಹೋಗಿ ಎಂದು ಬೇಡಿಕೊಂಡನಂತೆ. ತಪ್ಪೆಲ್ಲ ಇನ್ನೊಬ್ಬನದೆಂದು ಇಬ್ಬರೂ ಮರುತ್ತರ ಬರೆದರಂತೆ. ನಾನು ದಂಗಾದೆ. ಹಿಂದಿನ ವಾರವಷ್ಟೇ ನಾನು ಎರಡು ಪತ್ರ ಬರೆದಿದ್ದೆ, ಅಂಥವೇ ಎರಡು ಉತ್ತರ ನನ್ನ ಫೋನಿನಲ್ಲಿದ್ದವು.

"ಅಪ್ಪಾ, ಫನ್ನಿ ಥಿಂಗ್ ಏನು ಗೊತ್ತಾ?" ಎಂದಳು ಮೇಘನಾ. "ತಾವು ಒಂದು ಪಾರ್ಟಿ ಅಂತ ಅವರಿಬ್ಬರಿಗೂ ಅನ್ನಿಸ್ತಾನೇ ಇರ್ಲಿಲ್ಲ. ತಾವೇ ದೇಶ, ಪಾರ್ಟಿ ಇನ್ನೊಬ್ಬಂದು."

ಸಂಚಾಲಕರನ್ನು ಆರಿಸುವ ಸಭೆ ಫ್ರೀಮ್ಯಾಂಟಲಿನಲ್ಲಿ, ಮುಖಾಮುಖಿಯಾಗಿ ನಡೆಯಿತು. ಕಣದಲ್ಲಿದ್ದವರು ಶ್ರೀನಾಥ, ನಸೀಮಾ ಇಬ್ಬರೇ. ನಾನು ಇಳಿದುಕೊಂಡದ್ದು ಶ್ರೀನಾಥನ ಮನೆಯಲ್ಲಿ. ಅದೆಂಥ ಅವಿವೇಕವೆಂದು ಆಮೇಲೆ ಗೊತ್ತಾಯಿತು.

"ಡಾಕ್ಟ್ರೇ, ನಿಮ್ಮ ಕ್ಲಾಸಲ್ಲಿ ಮಕ್ಕಳು ದೋಸೆ ಕಲೀತಾರೆ, ಕನ್ನಡ ಅಲ್ಲ" ಎಂದ ಶ್ರೀನಾಥ.

"ನಿಮ್ಮ ಪುಸ್ತಕ ಕೊಟ್ರೆ ದೋಸೆನೂ ಬೇಡ ಅಂತಾರೆ" ಎಂದಳು ನಸೀಮಾ.

ಎಲ್ಲರೂ ನಕ್ಕರು. ನಗು ಅಲ್ಲಿಗೇ ನಿಲ್ಲಬೇಕಿತ್ತು. ಕೆಂಪಾದ ಶ್ರೀನಾಥ, "ಮನೇಲಿ ಕನ್ನಡ ಮಾತಾಡದೇ ಇರೋರಿಗೆ ಇದೆಲ್ಲ ಹೇಗೆ ಅರ್ಥ ಆಗ್ಬೇಕು?" ಎಂದುಬಿಟ್ಟ.

ನಸೀಮಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಮತಗಳು ಸಮಸಮವಾಗಿ ಬಿದ್ದವು. ಅಭಿಪ್ರಾಯವೇ ಇಲ್ಲದ ಅಧ್ಯಕ್ಷನ ಮತವೇ ನಿರ್ಣಾಯಕವಾಯಿತು. ಎರಡು ಊರುಗಳ ನಡುವಿನ ಅರ್ಧ ಗಂಟೆಯಲ್ಲೇ ಅಡಗಿಕೊಳ್ಳಬೇಕೆನಿಸಿತು. ಅಡಗದೆ ನಸೀಮಾಳ ಪರವಾಗಿ ಕೈ ಎತ್ತಿದೆ. ಶ್ರೀನಾಥ ವಂದನಾರ್ಪಣೆಗೂ ಕಾಯದೆ ರೈಲು ಹಿಡಿದು ಹೋದ. ಫೆಡರಲಿಸ್ಟರ ಸೋತ ಅಧ್ಯಕ್ಷನೊಬ್ಬ ಗೆದ್ದವನ ಪ್ರಮಾಣವಚನವನ್ನೂ ನೋಡದೆ ಮುಂಜಾನೆಯೇ ಊರು ಬಿಟ್ಟನೆಂದು ಮಗಳು ಹೇಳಿದ್ದಳು. ಆದರೆ ಆ ಪುಣ್ಯಾತ್ಮನ ಮನೆಯಲ್ಲಿ ಯಾರ ಸೂಟ್‌ಕೇಸೂ ಇರಲಿಲ್ಲ.

ಮರುದಿನ ಶ್ರೀನಾಥ ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟ. ಸೂಟ್‌ಕೇಸನ್ನು ತಾನೇ ಇಳಿಸಿ, ಅದರ ಹಿಡಿ ಬಿಡದೆ, "ಅವರಿಗೆ ಹಾಗೆ ಅನ್ಬಾರ್ದಿತ್ತು ಕಣೋ" ಎಂದ.

"ನನಗಲ್ಲ, ಅವಳಿಗೆ ಹೇಳು" ಎಂದು ಒಳಗೆ ಹೋದೆ.

ಪಕ್ಷ ಎಂಬ ಶಬ್ದಕ್ಕೆ ರೆಕ್ಕೆ ಎಂಬ ಅರ್ಥವೂ ಉಂಟು, ಹದಿನೈದು ದಿನ ಎಂಬ ಅರ್ಥವೂ ಉಂಟು. ನಮ್ಮವರ ಪಕ್ಷನಿಷ್ಠೆ ಎರಡನೆಯ ಬಗೆಯದೆಂದು ತಿಳಿದದ್ದು ಸರಿಯಾಗಿ ಹದಿನೈದನೆಯ ದಿನ, ಹೊಸ ಸಂಚಾಲಕಿಯ ಸುತ್ತೋಲೆ ಬಂದಾಗ: ಇನ್ನು ಮುಂದೆ ಮೂರೂ ಊರುಗಳಿಗೆ ಒಂದೇ ಪುಸ್ತಕ, ಶ್ರೀನಾಥ ಬರೆದದ್ದು, ಪ್ರತಿ ಪಾಠದ ಕೊನೆಗೆ ಮಕ್ಕಳು ಮಾಡುವಂಥ ಒಂದು ಅಡುಗೆ. ಅಧ್ಯಕ್ಷನನ್ನು ಯಾರೂ ಕೇಳಿರಲಿಲ್ಲ. ಬಲವಾದ ಕೇಂದ್ರ ಬೇಡವೆಂದಿದ್ದ ಆ ವಿದೇಶಾಂಗ ಮಂತ್ರಿಯೂ ತಾನೇ ಅಧ್ಯಕ್ಷನಾದಮೇಲೆ, ಸಂವಿಧಾನದಲ್ಲಿ ಅವಕಾಶವಿದೆಯೋ ಇಲ್ಲವೋ ಎಂದು ತನಗೇ ಅನುಮಾನವಿದ್ದರೂ, ದೇಶದಷ್ಟೇ ದೊಡ್ಡ ಭೂಮಿಯನ್ನು ಕೊಂಡುಬಿಟ್ಟನಂತೆ.

ನಾನು ಸಿಟ್ಟಿನಿಂದ ಫೋನ್ ಮಾಡಿದೆ. "ಹಾಗಾದ್ರೆ ನಾನು ಕೈ ಎತ್ತಿದ್ದು ಯಾತಕ್ಕೆ?"

"ನೀನು ಕೈ ಎತ್ತದಿದ್ರೆ ಅವರು ಕ್ಷಮೆ ಕೇಳೋಕೆ ಫೋನ್ ಮಾಡ್ತಿದ್ರಾ?" ಎಂದಳು ನಸೀಮಾ. "ಒಂದೂವರೆ ಗಂಟೆ ಮಾತಾಡಿದ್ವಿ. ಪುಸ್ತಕ ಚೆನ್ನಾಗಿದೆ ಕಣೋ. ಅದನ್ನ ಅವರ ಕೈಗೆ ಮಾತ್ರ ಕೊಡ್ಬಾರ್ದು, ಅಷ್ಟೆ."

ಮುಂದಿನ ಶನಿವಾರ ಆರ್ವೋ, ಎಂದರೆ ಇಲ್ಲಿಯವರ ಮಧ್ಯಾಹ್ನ, ಅಡಿಲೇಡಿನ ತರಗತಿಯನ್ನು ನಾನು ಬ್ರಿಸ್ಬೇನಿನಿಂದಲೂ ಶ್ರೀನಾಥ ಪರ್ತ್‌ನಿಂದಲೂ ಪರದೆಯಲ್ಲಿ ನೋಡಿದೆವು. ಏಳು ಮಕ್ಕಳೂ ಬಂದಿದ್ದರು. ಎಂಟು ವರ್ಷದ ಒಬ್ಬಳು ಎದ್ದು ನಿಂತು, ಬೆರಳಿಟ್ಟುಕೊಂಡು ಮೊದಲ ಪಾಠ ಓದತೊಡಗಿ, ಒಂದು ಒತ್ತಕ್ಷರದಲ್ಲಿ ತಡವರಿಸಿದಳು. ಶ್ರೀನಾಥ ತಕ್ಷಣ ಪರದೆಯೊಳಗಿಂದ ತಿದ್ದಿದ. ನಸೀಮಾ, "ಬಿಡಿ, ತಾನೇ ಬರುತ್ತೆ" ಎಂದಳು. ಈಗಲೇ ತಿದ್ದದಿದ್ದರೆ ಎಂದೂ ಬಾರದೆಂದು ಅವನು; ತಿದ್ದಿದರೆ ನಾಳೆ ಮಗುವೇ ಬಾರದೆಂದು ಅವಳು. ಅಧ್ಯಕ್ಷ ತಲೆ ಹಿಡಿದುಕೊಂಡ. ಹುಡುಗಿ ಒಮ್ಮೆ ನಸೀಮಾಳನ್ನು, ಒಮ್ಮೆ ಪರದೆಯನ್ನು ನೋಡಿದಳು, ಕಾದಳು, ಕೊನೆಗೆ ಪುಸ್ತಕವನ್ನು ಮೇಜಿಗೆ ಕುಕ್ಕಿದಳು.

"ಇಬ್ರೂ ಸ್ವಲ್ಪ ಸುಮ್ನಿರ್ತೀರಾ? ನಾನು ಓದ್ತಾ ಇದೀನಿ!"

ಮೂರೂ ಊರು ಒಟ್ಟಿಗೆ ಬಾಯಿ ಮುಚ್ಚಿಕೊಂಡವು. ಅವಳು ಮತ್ತೆ ಆ ಒತ್ತಕ್ಷರದ ಮೇಲೆ ಬೆರಳಿಟ್ಟಳು.