ಜೇಕಿಗೆ ಮಜ್ಜಿಗೆ ಹೊಡೆದದ್ದು

ಇವತ್ತು ಸೊಸೆ ಫ್ರಿಜ್ಜಿನಿಂದ ಹುಳಿ ಮಜ್ಜಿಗೆ ತೆಗೆದು ಮೋರಿಗೆ ಸುರಿಯಲು ಹೊರಟಳು. "ತಡಿ" ಅಂದೆ. ಆ ವಾಸನೆ ಬಡಿದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಯಾರ ಮೇಲೆ ಅಂತೀರಾ? ಹೇಳ್ತೀನಿ, ಕೂಡ್ರಿ.

ಆಗ ನಾವು ಚೆಂಬೂರಿನ ಚಾಳಿನಲ್ಲಿದ್ದೆವು. ಹಿಂದುಗಡೆ, ಲೋಕಲ್ ಓಡುವ ಹಳಿಯ ಪಕ್ಕ ನನ್ನದೊಂದು ಪಾಲಕ್ ಪಾತಿ. ಪಾಲಕ್‌ಗಿಂತ ಜೇಕಿನ ಕಳೆಯೇ ಹೆಚ್ಚು. ಕಿತ್ತವರಿಗೆ ಗೊತ್ತು, ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಮಣ್ಣಲ್ಲೇ ಉಳಿದು ಮೂರನೇ ದಿನ ಮತ್ತೆ ತಲೆ ಎತ್ತುತ್ತದೆ. ನನ್ನ ಅರ್ಧ ಆಯುಷ್ಯ ಅದರ ಮುಂದೆ ಕುಕ್ಕರುಗಾಲಲ್ಲಿ ಹೋಯಿತು.

ನಾದಿನಿ ಶಾಂತಾ ನಮ್ಮಲ್ಲೇ ಇದ್ದು ಕಾಲೇಜಿನಲ್ಲಿ ಗಿಡಗಳ ರೋಗ ಕಲಿಯುತ್ತಿದ್ದಳು. ಒಂದು ದಿನ ಸೀಸೆಯಲ್ಲಿ ಕಂದು ನೀರು ತಂದಳು.

"ವೈನಿ, ಇದರಾಗ ಬೂಸ್ಟು ಐತಿ. ಜೇಕಿಗಷ್ಟೇ ರೋಗ ಹತ್ತತೈತಿ, ಪಾಲಕ್ ಮುಟ್ಟಂಗಿಲ್ಲ. ನಿಮ್ಮ ಪಾತಿಯೊಳಗ ಒಂದ್ ಮೂಲಿ ಕೊಡ್ರಿ."

"ರೋಗ ಹೋಗ್ಲಿ ಅಂತ ಮಂದಿ ದೇವರಿಗೆ ಬೇಡ್ಕೋತಾರ, ನೀ ಬಾಟ್ಲಿಯೊಳಗ ಹೊತ್ಕೊಂಡ್ ಬಂದೀಯಲ್ಲ!"

ಬೈದು ಕೊಟ್ಟೆ. ಅವಳು ಪಾಸಾಗುವುದು ಆ ಮೂಲೆಯ ಮೇಲೆಯೇ ನಿಂತಿತ್ತು. "ನಿಮ್ಮ ಕೈ ಅತ್ಲಾಗ ಹೋಗಬಾರ್ದು" ಅಂತ ಮೂರು ಸಲ ಹೇಳಿದಳು. ನಾಲ್ಕನೇ ಇಯತ್ತೆಯವರೆಗೆ ಕಲಿತ ನನಗೆ ಒಂದು ಸಲ ಹೇಳಿದರೆ ತಿಳಿಯುವುದಿಲ್ಲೇನು? ಮೈ ಉರಿಯಿತು.

ಹದಿನೈದು ದಿನಕ್ಕೆ ಜೇಕಿನ ಎಲೆಗೆ ಕಂದು ಚುಕ್ಕಿ ಬಂತು, ತುದಿ ಒಣಗಿತು. ಶಾಂತಾ ಹಿಗ್ಗಿದಳು. ಅಷ್ಟರಲ್ಲಿ ನನ್ನ ಪಾಲಕ್‌ನ ಎರಡು ಎಲೆಗಳಲ್ಲೂ ಚುಕ್ಕಿ ಕಂಡೆ. ಯಾರನ್ನೂ ಕೇಳಲಿಲ್ಲ. ಗಿಡಕ್ಕೆ ಬೂಸ್ಟು ಬಂದರೆ ನಮ್ಮವ್ವ ಮಾಡುತ್ತಿದ್ದುದನ್ನೇ ಮಾಡಿದೆ. ಹುಳಿ ಮಜ್ಜಿಗೆಗೆ ನೀರು ಬೆರೆಸಿ ಪಾತಿ ತುಂಬ ಹೊಡೆದೆ. ರೋಗ ಶುರುವಾದದ್ದೇ ಅಲ್ಲಿ ಅಂತ ಶಾಂತಾಳ ಮೂಲೆಗೆ ಎರಡು ತಂಬಿಗೆ ಜಾಸ್ತಿ. ವಾರಗಟ್ಟಲೆ, ಅವಳು ಕಾಲೇಜಿಗೆ ಹೋದ ಮೇಲೆ.

ಪಾಲಕ್‌ನ ಚುಕ್ಕಿ ಹಾಗೇ ಉಳಿಯಿತು. ಅದು ರೋಗವೇ ಅಲ್ಲ, ಬಲಿತ ಎಲೆಯ ಚುಕ್ಕಿ, ಅಷ್ಟೇ. ಜೇಕು ಮಾತ್ರ ಹೊಸ ಎಲೆ ಬಿಟ್ಟು ಹಸಿರಾಗಿ ಎದ್ದು ನಿಂತಿತು. ಪಾತಿಯ ಹುಳಿ ವಾಸನೆ ಹಿಡಿದು ಶಾಂತಾ ಕೇಳಿದಳು, ಹೇಳಿದೆ.

"ಜೇಕಿಗೆ ಔಷಧ ಮಾಡಿದಾಕಿ ಜಗತ್ತಿನಾಗ ನೀವೊಬ್ಬರೇ, ವೈನಿ!" ಶಾಂತಾ ಅತ್ತಳು.

"ಮಜ್ಜಿಗಿಗೆ ಹೆದರೋದು ಎಂಥಾ ರೋಗಾನವಾ ನಿಂದು?" ಅಂದೆ.

ಅವಳಿಗೆ ಒಂದು ವರ್ಷ ಹೋಯಿತು. ತಪ್ಪಾಯ್ತು ಅಂತ ನಾನು ಅನ್ನಲಿಲ್ಲ. ಮರುವರ್ಷ ಕಾಂದಿವಲಿಯ ಗೆಳತಿಯ ಅಂಗಳದಲ್ಲಿ ಅದೇ ಪ್ರಯೋಗ ಮಾಡಿ ಪಾಸಾದಳು. ನನ್ನ ಪಾತಿಯನ್ನು ಮತ್ತೆ ಕೇಳಲಿಲ್ಲ.

ಈಗ ನಮ್ಮ ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಜೇಕು ಎದ್ದಿದೆ, ಎಲೆಗೆ ಕಂದು ಚುಕ್ಕಿ. ಮಜ್ಜಿಗೆ ಹಿಡಿದು ಅಲ್ಲಿಯವರೆಗೆ ಹೋದೆ. ನಿಂತೆ. ಉಪ್ಪು ಹಾಕಿ ನಾನೇ ಕುಡಿದೆ, ಹಲ್ಲು ಜುಮ್ ಅಂದವು. ಸೊಸೆಯ ಕೈಯಲ್ಲಿ ಶಾಂತಾಳಿಗೆ ಫೋನ್ ಹಚ್ಚಿಸಿದೆ.

"ನಿನ್ನ ರೋಗ ನಮ್ಮ ಕುಂಡಕ್ಕ ಬಂದೈತಿ. ನಾ ಮುಟ್ಟಿಲ್ಲ. ಬಂದ್ ನೋಡು."



"ಮಜ್ಜಿಗಿ ಎಲ್ಲೈತಿ, ಮೊದಲ ಅದನ್ನ ಹೇಳ್ರಿ ವೈನಿ."

"ಕುಡದೀನಿ."