ಡಿಸ್ಕ್ ಕೈಯಲ್ಲಿ ಹಿಡಿಸುವ ಅಕ್ಕ

ಬೆಳಗಿನ ಐದೂವರೆ. ಮೆಟ್ಟಿಲ ಕೆಳಗಿನ ಅಂಗಡಿಯ ಷಟರ್ ಮೊಣಕಾಲೆತ್ತರಕ್ಕೆ ಏರಿ ನಿಂತಿದೆ. ಪೂರ್ತಿ ಎತ್ತಿದರೆ ಮಹಡಿಯವರ ನಿದ್ದೆ ಕೆಡುತ್ತದೆಂದು ಅಕ್ಕ ದಿನವೂ ಬಗ್ಗಿಯೇ ಒಳಗೆ ಹೋಗುತ್ತಾರೆ. ಹಿಂದೆಯೇ ಅವರ ಅತ್ತೆ, ಎಪ್ಪತ್ತು ದಾಟಿದವರು, ಸೊಂಟ ಹಿಡಿದುಕೊಂಡು ನುಸುಳುತ್ತಾರೆ. "ಕಳ್ಳರೂ ನಮ್ಮಷ್ಟು ಬಗ್ಗಲ್ಲ ಕಣೆ" ಎಂಬುದು ಅವರ ದಿನದ ಮೊದಲ ಮಾತು.

ಇಷ್ಟು ಬೇಗ ಬರುವುದಕ್ಕೆ ಕಾರಣ ಪಕ್ಕದ ಮರ ಕೊಯ್ಯುವ ಅಂಗಡಿ. ಏಳಕ್ಕೆ ಅಲ್ಲಿ ಗರಗಸ ತಿರುಗಿತೆಂದರೆ ಇಡೀ ಸಾಲಿನ ದೀಪಗಳು ಮಿಣುಕುತ್ತವೆ. ಕೆಟ್ಟ ಲ್ಯಾಪ್‌ಟಾಪುಗಳಿಗೆ ಪೆನ್‌ಡ್ರೈವ್‌ನಿಂದ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವುದು ಅಕ್ಕನ ಕೆಲಸ. ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಅದನ್ನು ಹಗಲಿನಲ್ಲೂ ಮಾಡಬಹುದು. ಫರ್ಮ್‌ವೇರ್ ಬರೆಯುವುದಿದ್ದರೆ ಮಾತ್ರ ಗರಗಸ ಏಳುವ ಮುಂಚೆ ಮುಗಿಯಬೇಕು.

"ಮಷಿನ್ನಿಗೆ ನಿದ್ದೆಯಿಂದ ಹೇಗೆ ಏಳಬೇಕು ಅಂತ ಹೇಳಿಕೊಡೋ ಬರಹ ಅದು. ಬರೀತಾ ಇರುವಾಗ ಕರೆಂಟ್ ಹೋದ್ರೆ ಏಳೋದನ್ನೇ ಮರೆತುಬಿಡುತ್ತೆ. ಒಳಗಿರೋದೆಲ್ಲ ಹಾಗೇ ಇರುತ್ತೆ, ಬಾಗಿಲು ಮಾತ್ರ ತೆಗೆಯೋರಿಲ್ಲ" ಎಂದು ಅಕ್ಕ, ತಮ್ಮ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ. ಇದು ಗೊತ್ತಿಲ್ಲದವರು ಡಿಸ್ಕನ್ನೇ ಕಿತ್ತು ಬದಲಾಯಿಸುತ್ತಾರಂತೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

ಈ ಬೆಳಿಗ್ಗೆ ಮೇಜಿನ ದೀಪ ಹಾಕುವಷ್ಟರಲ್ಲಿ ಷಟರಿನ ಕೆಳಗೆ ಎರಡು ಪಾದಗಳು ಬಂದು ನಿಲ್ಲುತ್ತವೆ. ಪಕ್ಕದಲ್ಲೊಂದು ಕಪ್ಪು ಚೀಲ.

"ಒಳಗೆ ಬರಬಹುದಾ? ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ."

ಆ ಒಂದು ಮಾತಿಗೇ ಅಕ್ಕ ಯಾರೆಂದು ಗುರುತಿಸುತ್ತಾರೆ. ಮುಖ ಇನ್ನೂ ಕಂಡಿಲ್ಲ. ಒಂದೊಂದು ಅಕ್ಷರವನ್ನೂ ಬಿಡಿಸಿ ಎದುರಿಗಿಡುವ ಆ ದನಿಯನ್ನು ಅವರಿಗೆ ಎಂಟು ವರ್ಷಗಳಿಂದ ಮರೆಯಲಾಗಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಕುರ್ಚಿಯ ಕೆಳಗೆ ಉರುಳುತ್ತದೆ. ಅವರು ಎತ್ತಿಕೊಳ್ಳುವುದಿಲ್ಲ.

ಬಂದವರು ಟೀಚರ್. ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವವರು. ಪ್ರತಿ ಮಗು ಬಾಯಿಬಿಟ್ಟು ಆಡಿದ ಮೊದಲ ಮಾತನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುವುದು ಅವರ ರೂಢಿ.

ಎಂಟು ವರ್ಷಗಳ ಹಿಂದೆ ಅಕ್ಕ ಈ ಕಸುಬಿಗೆ ಹೊಸಬರು. ಅದಕ್ಕೂ ಮುಂಚೆ ಅರ್ಜಿ ಟೈಪು ಮಾಡುವ ಅಂಗಡಿಯಲ್ಲಿ ಹನ್ನೊಂದು ವರ್ಷ ಕೂತವರು. ಅಲ್ಲಿ ಕೆಟ್ಟ ಕಂಪ್ಯೂಟರನ್ನು ರಿಪೇರಿಯವನು ಸರಿಮಾಡುವುದನ್ನು ನೋಡಿ ನೋಡಿಯೇ ಕಲಿತರು. ಅಂಗಡಿ ಮುಚ್ಚಿದಾಗ ಸಾಹುಕಾರರು ಕೊಟ್ಟಿದ್ದು ಹಳೆಯ ಕುರ್ಚಿ ಮತ್ತು ಒಂದು ಪೆನ್‌ಡ್ರೈವ್. ಮೆಟ್ಟಿಲ ಕೆಳಗೆ ಕೂತ ಮೂರನೇ ತಿಂಗಳಲ್ಲಿ ಟೀಚರ್ ಬಂದಿದ್ದರು. ರೆಕಾರ್ಡಿಂಗುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ತುಂಬಿಸಿಕೊಂಡು, ಆಮೇಲೆ ಲ್ಯಾಪ್‌ಟಾಪ್ ಅಳಿಸಿ ಹೊಸದಾಗಿ ಹಾಕಬೇಕಿತ್ತು. ಅಕ್ಕ ತುಂಬಿಸಿದರು. ಡಿಸ್ಕಿನ ವೈರು ಎಳೆಯಲು ಮರೆತರು. ಅಳಿಸುವ ಹೊತ್ತಿಗೆ ತೆರೆಯ ಮೇಲೆ ಎರಡು ಡಿಸ್ಕುಗಳ ಸಾಲು ಬಂತು, ಅಳತೆ ಎರಡರದ್ದೂ ಒಂದೇ. ಯಾವುದು ಯಾವುದೆಂದು ನೋಡದೆ ಎರಡನ್ನೂ ಅಳಿಸಿ, ಹೊಸ ಸಿಸ್ಟಮ್ ಹಾಕಿಬಿಟ್ಟರು.

ಮೂವತ್ತೇಳು ಮಕ್ಕಳ ಮೊದಲ ಮಾತು.

"ಗೊತ್ತಾದಾಗ ಕಾಲ ಕೆಳಗೆ ನೆಲವೇ ಇರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ರೆ ಬದುಕಿಕೊಳ್ತಿದ್ದೆ. ಅಲ್ಲೇ ಕೂತು ಖಾಲಿ ತೆರೆ ನೋಡ್ತಾ ಇದ್ರು. ಆಮೇಲೆ ಎದ್ದು ಹೋದ್ರು, ಅಷ್ಟೇ" ಎನ್ನುತ್ತಾರೆ ಅಕ್ಕ.

ಅಂದಿನಿಂದ ಈ ಅಂಗಡಿಯಲ್ಲಿ ಒಂದು ಕಟ್ಟಳೆ. ಅಳಿಸುವ ಮುನ್ನ, ನಕಲು ತುಂಬಿದ ಗಿರಾಕಿಯ ಹೊರಗಿನ ಡಿಸ್ಕನ್ನು ಕಿತ್ತು ಅವರ ಕೈಗೇ ಕೊಡಬೇಕು. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದು ಕೂರಬೇಕು. ಕಾವಲು ಅತ್ತೆಯದು. "ಗಂಡನ್ನ ಬೇಕಾದ್ರೆ ಮೇಜಿನ ಮೇಲೆ ಬಿಟ್ಟಿರಿ, ಡಿಸ್ಕ್ ಮಾತ್ರ ಬಿಡೋ ಹಾಗಿಲ್ಲ" ಎಂದು ಅವರು ಎಂಥವರಿಗೂ ಗದರುತ್ತಾರೆ.

ಟೀಚರ್ ಸ್ಟೂಲಿನ ಮೇಲೆ ಕೂತು ಹೇಳುತ್ತಾರೆ. ನಿನ್ನೆ ಸಂಜೆ ಫರ್ಮ್‌ವೇರ್ ಅಪ್‌ಡೇಟ್ ಆಗುತ್ತಿದ್ದಾಗ ಕರೆಂಟು ಹೋಯಿತು, ಬ್ಯಾಟರಿ ಮೊದಲೇ ಸತ್ತಿತ್ತು. ಈ ಎಂಟು ವರ್ಷದ ರೆಕಾರ್ಡಿಂಗುಗಳ ನಕಲು ಚೀಲದಲ್ಲಿರುವ ಹೊರಗಿನ ಡಿಸ್ಕಿನಲ್ಲಿದೆ. ಒಂದು ಮಾತ್ರ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ಇಲ್ಲ. ಮೊನ್ನೆ ಒಂದು ಹುಡುಗಿ, ಏಳು ತಿಂಗಳ ಪಾಠದ ನಂತರ ಆಡಿದ್ದು. ಹತ್ತು ಗಂಟೆಗೆ ಅವಳ ಅಪ್ಪ ಅಮ್ಮ ಕೇಳಲು ಬರುತ್ತಾರೆ.

"ಅವಳು ಮತ್ತೆ ಆಡಿಲ್ಲ" ಎನ್ನುತ್ತಾರೆ ಟೀಚರ್.

ಅಕ್ಕ ಲ್ಯಾಪ್‌ಟಾಪ್ ಮಗುಚಿ ಮಾಡೆಲ್ ನಂಬರು ನೋಡುತ್ತಾರೆ. ತಮ್ಮ ಕಂಪ್ಯೂಟರಿನಲ್ಲಿ ಆ ಮಾಡೆಲ್ಲಿನದೇ ಫರ್ಮ್‌ವೇರ್ ಫೈಲು ಇಳಿಸಿ, ಖಾಲಿ ಪೆನ್‌ಡ್ರೈವ್‌ಗೆ ಹಾಕಿ, ಮಷಿನ್ನು ಹುಡುಕುವ ಹೆಸರನ್ನೇ ಆ ಫೈಲಿಗಿಡುತ್ತಾರೆ. ಒಂದಕ್ಷರ ತಪ್ಪಿದರೂ ಅದು ಕಣ್ಣೆತ್ತಿ ನೋಡುವುದಿಲ್ಲ. ಮೂರು ಸಲ ಓದುತ್ತಾರೆ. ಪೆನ್‌ಡ್ರೈವ್ ಚುಚ್ಚಿ, ಎರಡು ಕೀ ಒತ್ತಿ ಹಿಡಿದು, ಚಾರ್ಜರ್ ಸಿಕ್ಕಿಸುತ್ತಾರೆ.

ಫೈಲು ಇಳಿಯುವುದೇ ತಡವಾಗಿ, ಈಗ ಗಂಟೆ ಆರು ಐವತ್ತೊಂದು.

ತೆರೆ ಕಪ್ಪು. ಫ್ಯಾನು ಒಮ್ಮೆಲೇ ಭೋರೆಂದು ಎದ್ದು, ಅಷ್ಟೇ ಥಟ್ಟನೆ ನಿಲ್ಲುತ್ತದೆ. ಟೀಚರ್ ಬೆಚ್ಚಿ ಕೈ ಚಾಚುತ್ತಾರೆ.

"ಮುಟ್ಟಬೇಡಿ!" ಅಕ್ಕನ ದನಿಗೆ ಅಕ್ಕನೇ ಬೆಚ್ಚುತ್ತಾರೆ. ಮೆಲ್ಲಗೆ, "ಬರೀತಿದೆ ಟೀಚರ್. ಸುಮ್ಮನಿದೆ ಅಂದ್ರೆ ಬರೀತಿದೆ ಅಂತ ಅರ್ಥ."

ಎರಡು ನಿಮಿಷ. ನಾಲ್ಕು. ಮಾತು ಕಲಿಸುವವರು, ಮಾತು ಅಳಿಸಿದವರು, ಒಂದು ಕಪ್ಪು ತೆರೆಯ ಮುಂದೆ ಕೂತಿದ್ದಾರೆ. ಅತ್ತೆ ಕೂಡ ಬಾಯಿ ಮುಚ್ಚಿದ್ದಾರೆ, ಅದೇ ದೊಡ್ಡ ಅಚ್ಚರಿ. ಪಕ್ಕದ ಅಂಗಡಿಯ ಬೀಗ ತೆಗೆದ ಸದ್ದು ಕೇಳಿಸುತ್ತದೆ.

ಏಳನೇ ನಿಮಿಷಕ್ಕೆ ತೆರೆ ಬೆಳಗುತ್ತದೆ.

ಯಾರೂ ನಗುವುದಿಲ್ಲ. ಗರಗಸ ಕಿರುಚಲು ಶುರುಮಾಡುತ್ತದೆ, ದೀಪ ಮಿಣುಕುತ್ತದೆ, ಅಷ್ಟರಲ್ಲಿ ಬರೆದು ಮುಗಿದಿದೆ. ಆದರೆ ನಿನ್ನೆ ಮತ್ತೆ ಮತ್ತೆ ಸ್ವಿಚ್ ಒತ್ತಿದ್ದರಿಂದ ಆಪರೇಟಿಂಗ್ ಸಿಸ್ಟಮ್ ಹಾಳಾಗಿದೆ. ಅಳಿಸಿ ಹೊಸದಾಗಿ ಹಾಕಲೇಬೇಕು. ಅಕ್ಕ ಬೇರೊಂದು ಪೆನ್‌ಡ್ರೈವ್‌ನಿಂದ ಮಷಿನ್ನನ್ನು ಎಬ್ಬಿಸಿ, ಆ ಒಂದು ರೆಕಾರ್ಡಿಂಗನ್ನು ಹುಡುಕಿ ಟೀಚರ್ ಡಿಸ್ಕಿಗೆ ತುಂಬಿಸುತ್ತಾರೆ. ಸರಿಯಾಗಿ ಬಂದಿದೆಯೇ ಎಂದು ಅದನ್ನೊಮ್ಮೆ ಹಾಕುತ್ತಾರೆ. ಕುರ್ಚಿ ಎಳೆದ ಸದ್ದು, ಟೀಚರ್ ದನಿಯಲ್ಲಿ "ಇನ್ನೊಂದ್ಸಲ ಹೇಳೋಣ್ವಾ ಪುಟ್ಟಾ?", ಆಮೇಲೆ ಸಣ್ಣ, ಸ್ಪಷ್ಟ ಸಿಡುಕು:

"ಸಾಕು!"

ಅತ್ತೆ ಕಿಸಕ್ಕೆಂದು ನಗುತ್ತಾರೆ. "ಏಳು ತಿಂಗಳು ನಿಮ್ಮ ಪಾಠ ಕೇಳಿದ್ರೆ ಯಾರಾದ್ರೂ ಅದನ್ನೇ ಹೇಳ್ತಾರೆ!" ಟೀಚರ್ ಕೂಡ ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ.

ಅಕ್ಕ ಡಿಸ್ಕಿನ ವೈರು ಕಿತ್ತು ಎರಡೂ ಕೈಯಿಂದ ಟೀಚರ್ ಅಂಗೈಯಲ್ಲಿಡುತ್ತಾರೆ. "ಗಟ್ಟಿಯಾಗಿ ಹಿಡ್ಕೊಳ್ಳಿ." ಹಾಗೆಂದವರು ಅಲ್ಲೇ ನಿಲ್ಲುತ್ತಾರೆ. "ಟೀಚರ್, ಇಷ್ಟು ಅಂಗಡಿ ಇದ್ದೂ ನನ್ನ ಹತ್ರ ಯಾಕೆ ಬಂದ್ರಿ?"

"ಬೇರೆ ಮೂರು ಕಡೆ ಹೋಗಿ ನೋಡಿದ್ದೀನಿ. ಏನೇ ಹಾಳಾದ್ರೂ 'ಮೊದಲೇ ಹೋಗಿತ್ತು ಮೇಡಂ' ಅಂತಾರೆ. ನೀವೊಬ್ಬರೇ 'ನಾನೇ ಅಳಿಸಿಬಿಟ್ಟೆ' ಅಂದಿದ್ದು. ಕ್ಷಮಿಸಿದ್ದೀನಿ ಅಂತ ಅಲ್ಲ. ಆ ಮಕ್ಕಳ ದನಿ ನನಗಿನ್ನೂ ಬೇಕು."

"ಗೊತ್ತು" ಎನ್ನುತ್ತಾರೆ ಅಕ್ಕ. ಮೇಜಿನತ್ತ ತಿರುಗಿ ಡಿಸ್ಕುಗಳ ಪಟ್ಟಿ ನೋಡುತ್ತಾರೆ. ತೆರೆಯ ಮೇಲೆ ಈಗ ಒಂದೇ ಡಿಸ್ಕು. ಆದರೂ ಬೆರಳಿಟ್ಟು ಎಣಿಸುತ್ತಾರೆ. ಒಂದು. ಆಮೇಲಷ್ಟೇ ಅಳಿಸುತ್ತಾರೆ.

ಒಂಬತ್ತಕ್ಕೆ ಟೀಚರ್ ಹೊರಡುತ್ತಾರೆ, ಡಿಸ್ಕು ಇನ್ನೂ ಮುಷ್ಟಿಯಲ್ಲೇ. ಅಕ್ಕ ಷಟರನ್ನು ಪೂರ್ತಿ ಎತ್ತಿ, ಕುರ್ಚಿಯ ಕೆಳಗಿನ ಸ್ಕ್ರೂಡ್ರೈವರನ್ನು ಈಗ ಹುಡುಕಿ ತೆಗೆಯುತ್ತಾರೆ. ತಮ್ಮ ಬಗ್ಗೆ ಪತ್ರಿಕೆಯಲ್ಲಿ ಬರುತ್ತದೆಂದರೆ ಅವರಿಗೆ ನಂಬಿಕೆಯಿಲ್ಲ. ಬರೆಯುವುದೇ ಆದರೆ ಏನು ಬರೆಯಬೇಕೆಂದು ಮಾತ್ರ ಗೊತ್ತು.

"ಎಂಟು ವರ್ಷದಲ್ಲಿ ಯಾರ ಡಿಸ್ಕೂ ಹೋಗಿಲ್ಲ ಅಂತ ಬರೀರಿ" ಎನ್ನುತ್ತಾರೆ. ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು, "ಅದಕ್ಕೆ ಮುಂಚೆ ಒಂದು ಹೋಗಿತ್ತು ಅಂತಲೂ ಬರೀರಿ. ಅದನ್ನ ಬಿಡಬೇಡಿ."