ಮಾದಮ್ಮ ಹೇಳಿಕೊಟ್ಟ ಗೆಣಸಿನ ಕತೆ

ಪಕ್ಕದ ಮನೆಯವರು ಒಲೆಗೆ ಟರ್ಫ್ ಹಾಕಿದರೆಂದರೆ ಸಾಕು, ಆ ಒಣ ಜೌಗುಮಣ್ಣಿನ ಹೊಗೆ ಬಾಗಿಲ ಸಂದಿಯಿಂದ ನುಗ್ಗಿ ನನ್ನನ್ನು ಸೀದಾ ಮಾದಮ್ಮನ ಅಡುಗೆಮನೆಗೆ ಎಳೆದೊಯ್ಯುತ್ತಿತ್ತು. ಅದು ಲಾಕ್‌ಡೌನಿನ ಕಾಲ. ಪರದೇಶದ ಮೇನೂತ್ ಎಂಬ ಊರಿನಲ್ಲಿ ಬಾಡಿಗೆ ಕೋಣೆ, ಐದು ಕಿಲೋಮೀಟರ್ ದಾಟಬಾರದೆಂಬ ಕಟ್ಟಳೆ, ಮುಗಿಯದ ಪಿಎಚ್‌ಡಿ. ನನ್ನ ಪ್ರಬಂಧ ಆಂಡಿಸ್ ಬೆಟ್ಟಗಳ ಲೇಖಕನೊಬ್ಬನ ಮೇಲೆ. ತಾಯಿಯಿಲ್ಲದ ಆ ಹುಡುಗ ಮನೆಯ ಆಳುಗಳ ಜೊತೆ ಅಡುಗೆಮನೆಯಲ್ಲೇ ಬೆಳೆದ. ಆ ಬೆಟ್ಟದ ಮೂಲನಿವಾಸಿಗಳ ನುಡಿ, ಹಾಡು, ಸಂಕಟ ಅಲ್ಲೇ ಅವನದಾದವು. ದೊಡ್ಡವನಾಗಿ ಅವರನ್ನೇ ಬರೆದ. "ಅಧ್ಯಾಯ ಗ್ರ್ಯಾಂಡ್ ಆಗಿದೆ," ಎಂದರು ಗೈಡ್ ವಿಡಿಯೋ ಕಾಲಿನಲ್ಲಿ, "ಆದರೆ ಆ ಅಡುಗೆಮನೆ ನಿನಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು?" ನಕ್ಕು ಮಾತು ಬದಲಿಸಿದೆ.

ಅಪ್ಪ ಬಿಳಿಗಿರಿ ಬೆಟ್ಟದಲ್ಲಿ ಫಾರೆಸ್ಟರ್. ಅಮ್ಮ ಹಾಸಿಗೆ ಹಿಡಿದಿದ್ದಳು. ನನ್ನನ್ನು ಸಾಕಿದವಳು ಸೋಲಿಗರ ಮಾದಮ್ಮ. ಕ್ವಾರ್ಟರ್ಸಿನ ಮಸಿ ಹಿಡಿದ ಒಲೆಯ ಮುಂದೆ, ಕೆಂಡದಲ್ಲಿ ಸುಟ್ಟ ಕಾಡುಗೆಣಸನ್ನು ಊದಿ ಊದಿ ಆರಿಸಿ ನನ್ನ ಬಾಯಿಗಿಡುತ್ತಿದ್ದಳು. ಗೆಣಸು ಅಗೆದ ಮೇಲೆ ಅದರ ತಲೆಭಾಗವನ್ನು ಮತ್ತೆ ಮಣ್ಣಿಗಿಟ್ಟು ಮುಚ್ಚಬೇಕು. ಹಾಗೆ ಮುಚ್ಚದೆ ಬಂದವನಿಗೆ ಮರುವರ್ಷ ಕಾಡು ದಾರಿಯನ್ನೇ ಬಿಡಲಿಲ್ಲ ಎಂದು ಕತೆ ಹೇಳುತ್ತಿದ್ದಳು. ಒಂಬತ್ತನೇ ವಯಸ್ಸಿನಲ್ಲಿ ಶಾಲೆಯ ಸ್ಪರ್ಧೆಯಲ್ಲಿ ಅದೇ ಕತೆ ಹೇಳಿ ಮೊದಲ ಬಹುಮಾನ ಗೆದ್ದೆ. "ಯಾರಮ್ಮ ಹೇಳ್ಕೊಟ್ಟಿದ್ದು?" ಎಂದು ಮೇಷ್ಟ್ರು ಎಲ್ಲರೆದುರು ಕೇಳಿದರು. "ನಮ್ಮಜ್ಜಿ" ಎಂದೆ. ಅಜ್ಜಿಯನ್ನು ನಾನು ಕಂಡೇ ಇರಲಿಲ್ಲ. ನಮ್ಮ ಅನ್ನ ಬೇಯಿಸುವವಳ ಲೋಟ ಮಾತ್ರ ಹಿತ್ತಲಲ್ಲಿ ಬೇರೆ. ನಮ್ಮ ಮಡಿ ಅಂಥದ್ದು. ಅವಳ ಹೆಸರು ಹೇಳಲು ನನಗೆ ನಾಚಿಕೆಯಾಗಿತ್ತು. ಸಂಜೆ ಮಾದಮ್ಮ, "ನನ್ನ ಹೆಸ್ರು ಹೇಳ್ದಾ ಕೂಸೆ?" ಎಂದಳು. ಹೂಂ ಎಂದೆ. ಅವಳು ನನ್ನ ತಲೆ ಸವರಿ ಒಲೆಯ ಕಡೆ ತಿರುಗಿದಳು.

ಆ ಸುಳ್ಳನ್ನು ಒಪ್ಪಿಕೊಳ್ಳದೆ ಪ್ರಬಂಧ ಒಂದು ಸಾಲೂ ಮುಂದೆ ಹೋಗಲಿಲ್ಲ. ಹೋಗಿ ಹೇಳೋಣವೆಂದರೆ ದಾರಿಯೆಲ್ಲ ಬಂದ್. ಕೊನೆಗೆ ಅಪ್ಪ ಕೇಳಿಕೊಂಡರೆಂದು, ಅವಳ ಹಾಡಿಯ ಜನರಿಗೆ ಲಸಿಕೆ ಹಾಕಲು ಹೋಗಿದ್ದ ನರ್ಸ್ ಫೋನನ್ನು ಅವಳ ಕಿವಿಗೆ ಹಿಡಿದರು. ಇಪ್ಪತ್ತು ವರ್ಷದ ಮೇಲೆ ಹೇಳಿದೆ, "ಮಾದಮ್ಮ, ಅವತ್ತು ನಾನು ನಿನ್ನ ಹೆಸರು ಹೇಳ್ಲಿಲ್ಲ."

"ಗೊತ್ತಿತ್ತು ಕನ ಕೂಸೆ. ನೀ ಕತೆ ಹೇಳದ ಕೇಳ್ಬೇಕು ಅಂತ ನಾನೇ ಬಂದು, ಇಸ್ಕೂಲ್ ಕಿಟಕಿ ತಾವೇ ನಿಂತಿದ್ದಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಡಿಯಿತು. ಆ ಮಳೆಗಾಲದಲ್ಲೇ ಅವಳು ತೀರಿಕೊಂಡಳು. ಎಲ್ಲ ಗೊತ್ತಿದ್ದೂ ಆ ಸಂಜೆ ಅವಳು ಕೇಳಿದ್ದಳಲ್ಲ. ನಿಜ ಹೇಳಲು ನನಗೊಂದು ಅವಕಾಶ ಕೊಟ್ಟಿದ್ದಳು.